‘ಎಲ್ಲ ಸೇರಿ’ ಎಂಬ ಬಾಡಿಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುವ ನನ್ನ ಮಗಳು ಗೆಳತಿಯೊಬ್ಬಳೊಂದಿಗೆ ಮಾರತಹಳ್ಳಿ ಕಡೆ ಒಂದು ಬೆಡ್‌ರೂಮಿನ ಮನೆ ನೋಡಿದ್ದಾಳೆ. ಕರೆಂಟು, ನೀರು, ಮೇಂಟೆನೆನ್ಸ್ ಎಲ್ಲ ಸೇರಿ ತಿಂಗಳಿಗೆ 21,000 ರೂಪಾಯಿ ಎನ್ನುತ್ತಾರೆ ಮಾಲೀಕರು. ಪಕ್ಕದ ರಸ್ತೆಯಲ್ಲಿ ಅಂಥದ್ದೇ ಮನೆಗೆ 18,000 ರೂಪಾಯಿ, ಬಿಲ್ಲುಗಳು ಬೇರೆ. ಯಾವುದನ್ನು ಹಿಡಿಯುವುದು ಒಳ್ಳೆಯದು?
– ಓದುಗರೊಬ್ಬರು, ಹಾಸನ

ಉತ್ತರ: ಬಾಡಿಗೆ ಚೌಕಾಸಿಗೆ ಮೊದಲು ಮೀಟರ್ ಎಲ್ಲಿದೆ ಎಂದು ಕೇಳಿ. ಆ ಮನೆಗೆ ಪ್ರತ್ಯೇಕ ಮೀಟರ್ ಮತ್ತು ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ನೋಂದಣಿ ಸಂಖ್ಯೆ) ಇದ್ದರೆ, ಬಾಡಿಗೆದಾರರೂ ತಮ್ಮ ಆಧಾರ್ ಮತ್ತು ಬಾಡಿಗೆ ಕರಾರಿನ ಆಧಾರದ ಮೇಲೆ, 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ನೋಂದಾಯಿಸಿಕೊಳ್ಳಬಹುದು. ಆ ನಂಬರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಹಾಗೇ ಉಳಿದಿದ್ದರೆ ಅದನ್ನು ಮೊದಲು ತೆಗೆಸಬೇಕು. ಹಳೆಯ ಬಳಕೆಯ ಲೆಕ್ಕವಿಲ್ಲದ ಹೊಸ ಬಾಡಿಗೆದಾರರಿಗೆ ತಿಂಗಳಿಗೆ 58 ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದದ್ದಕ್ಕೆ ಮಾತ್ರ ಹಣ, ಆದರೆ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. 2,000 ವ್ಯಾಟ್‌ನ ಗೀಸರನ್ನು ಇಬ್ಬರ ಸ್ನಾನಕ್ಕೆ ದಿನಕ್ಕೆ ಒಂದು ಗಂಟೆ ಉರಿಸಿದರೆ ಎರಡು ಯೂನಿಟ್, ಅಂದರೆ ತಿಂಗಳಿಗೆ 60. ಫ್ರಿಜ್ಜು, ಫ್ಯಾನು, ದೀಪಗಳನ್ನು ಸೇರಿಸಿದರೂ 110ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆಲವು ನೂರು ರೂಪಾಯಿಯ ಈ ಕರೆಂಟಿಗೆ 3,000 ರೂಪಾಯಿಯಲ್ಲಿ ದೊಡ್ಡ ಪಾಲನ್ನು ಕೊಡುವುದು ದುಬಾರಿಯೇ ಸರಿ. ಹಲವು ಮನೆಗಳಿಗೆ ಒಂದೇ ಮೀಟರ್ ಇದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಒಟ್ಟು ಬಳಕೆ ಸುಲಭವಾಗಿ 200 ದಾಟುವುದರಿಂದ ಯೋಜನೆಯ ಫಲ ಯಾರಿಗೂ ಸಿಗುವುದಿಲ್ಲ.

ಹಾಗಾಗಿ ನಿಮ್ಮ ಲೆಕ್ಕ ನಿಲ್ಲುವುದು ನೀರಿನ ಮೇಲೆ. ಕಟ್ಟಡಕ್ಕೆ ಕಾವೇರಿ ಸಂಪರ್ಕವಿದ್ದು ಸಂಪು ತುಂಬುತ್ತಿದ್ದರೆ ‘ನೀರು ಸೇರಿ’ ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ. ಬೋರ್‌ವೆಲ್ ನಂಬಿದ ಕಟ್ಟಡವಾದರೆ ಬೇಸಿಗೆಯಲ್ಲಿ ಟ್ಯಾಂಕರ್ ತಪ್ಪಿದ್ದಲ್ಲ. 2024ರ ಬರದಲ್ಲಿ ಜಿಲ್ಲಾಡಳಿತವೇ ಐದು ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ದರ ನಿಗದಿ ಮಾಡಬೇಕಾಯಿತು. ಅಂಥ ಮನೆಯಲ್ಲಿ ಟ್ಯಾಂಕರ್ ಖರ್ಚನ್ನೂ ಮಾಲೀಕರೇ ಭರಿಸುವುದಾಗಿ ಕರಾರಿನಲ್ಲಿ ಬರೆದುಕೊಟ್ಟರೆ 21,000 ರೂಪಾಯಿಯ ಮನೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬಾಯಿ ಮಾತಾದರೆ ಏಪ್ರಿಲ್‌ನಲ್ಲಿ ‘ಟ್ಯಾಂಕರ್ ಹಣ ಬೇರೆ’ ಎಂಬ ಚೀಟಿ ವಾಟ್ಸ್‌ಆ್ಯಪ್‌ಗೆ ಬರುವುದು ಖಚಿತ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಡ್ವಾನ್ಸ್ ಬಾಡಿಗೆಯ ಇಷ್ಟು ಪಟ್ಟು ಎಂದು ನಿಗದಿಯಾಗುವುದರಿಂದ, ಐದು ತಿಂಗಳದ್ದಾದರೆ ಒಂದು ಮನೆಗೆ 90,000, ಇನ್ನೊಂದಕ್ಕೆ 1,05,000 ರೂಪಾಯಿ ಕಟ್ಟಬೇಕಾಗುತ್ತದೆ. ವರ್ಷಾವರ್ಷದ ಶೇ 5ರ ಏರಿಕೆಯೂ ಕರೆಂಟು, ನೀರಿನ ಪಾಲಿನ ಮೇಲೆಯೇ ಕುಳಿತು ಬೆಳೆಯುತ್ತದೆ. ಆದ್ದರಿಂದ ‘ಎಲ್ಲ ಸೇರಿ’ ಎಂದೇ ಒಪ್ಪುವುದಾದರೂ, ಕರಾರಿನಲ್ಲಿ ಮೂಲ ಬಾಡಿಗೆ ಮತ್ತು ಸೌಲಭ್ಯದ ಹಣವನ್ನು ಬೇರೆ ಬೇರೆ ನಮೂದಿಸಿ, ಅಡ್ವಾನ್ಸ್ ಮತ್ತು ಏರಿಕೆಗಳು ಮೂಲ ಬಾಡಿಗೆಗೆ ಮಾತ್ರ ಅನ್ವಯ ಎಂದು ಬರೆಸಿ. ತಿಂಗಳಿಗೆ ಇಷ್ಟು ಯೂನಿಟ್‌ವರೆಗೆ ಕರೆಂಟು ಸೇರಿದೆ, ಮಿಕ್ಕಿದ್ದಕ್ಕೆ ಬೆಸ್ಕಾಂ ದರ ಎಂಬ ಸಾಲೂ ಇರಲಿ. ಸಬ್ ಮೀಟರ್ ಹಾಕಿಸಿ ಯೂನಿಟ್‌ಗೆ ಮನಸ್ಸಿಗೆ ಬಂದ ದರ ಹೇಳುವವರು ಇದ್ದಾರೆ. ಮನೆ ಹೊಕ್ಕ ದಿನದ ಮೀಟರ್ ರೀಡಿಂಗ್‌ನ ಫೋಟೊ ಮಗಳ ಮೊಬೈಲಿನಲ್ಲಿರಬೇಕು.

ನಿಮ್ಮ ಪತ್ರದಲ್ಲಿ ನೀರಿನ ಮೂಲದ ವಿವರವಿಲ್ಲ. ಕಳೆದ ಏಪ್ರಿಲ್, ಮೇ ತಿಂಗಳುಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದರು ಎಂದು ಮಗಳು ಎರಡೂ ಕಟ್ಟಡಗಳ ಕೆಳಗಿನ ಮನೆಯವರನ್ನು ವಿಚಾರಿಸಲಿ. ಎರಡರಲ್ಲೂ ಟ್ಯಾಂಕರ್ ತರಿಸಿಲ್ಲವಾದರೆ 18,000ದ ಮನೆಗೆ ಅಡ್ವಾನ್ಸ್ ಕೊಡಬಹುದು.