ಸರ್ಕಾರಿ ಲ್ಯಾಬ್‌ನಲ್ಲಿ ಮಗಳು ಟೆಸ್ಟ್ ಕಿಟ್ ಮಾಡಿದರೆ ಪೇಟೆಂಟ್ ಯಾರದ್ದು?

ಮಗಳು ಪುಣೆಯ ಸರ್ಕಾರಿ ವೈದ್ಯಕೀಯ ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಕಿಟ್ ಕಂಡುಹಿಡಿದರೆ ಹಕ್ಕು ಅವಳದ್ದೇ ಅಲ್ವಾ ಎಂದು ಕೇಳಿದ್ದೀರಿ. ಹೆಸರು ಅವಳದ್ದು, ಹಕ್ಕು ಸಾಮಾನ್ಯವಾಗಿ ಸಂಸ್ಥೆಯದ್ದು. ಪೇಟೆಂಟ್‌ನಲ್ಲಿ ಸಂಶೋಧಕಿ ಅಂತ ಅವಳ ಹೆಸರು ಬರುತ್ತದೆ, ಮಾಲೀಕತ್ವ ಮಾತ್ರ ಬೇರೆ ಮಾತು.

ಲ್ಯಾಬ್ ತಾನೇ ಲಕ್ಷಗಟ್ಟಲೆ ಕಿಟ್ ತಯಾರಿಸುವುದಿಲ್ಲ. ಲೈಸೆನ್ಸ್ ಕೊಟ್ಟು ಕಂಪನಿಗೆ ದಾಟಿಸುತ್ತದೆ. 2020ರಲ್ಲಿ ನಮ್ಮ ಪುಣೆಯ ಎನ್‌ಐವಿ, ಅಂದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ವೈರಾಣು ಸಂಸ್ಥೆ, ಕೋವಿಡ್ ಆಂಟಿಬಾಡಿ ಪತ್ತೆಹಚ್ಚುವ ಕವಚ್ ಕಿಟ್ ಮಾಡಿ ಝೈಡಸ್ ಕ್ಯಾಡಿಲಾಗೆ ಕೊಟ್ಟಿತು. ಎರಡೂವರೆ ಗಂಟೆಯಲ್ಲಿ ಒಂದೇ ಸಲ 90 ಸ್ಯಾಂಪಲ್ ನೋಡಬಹುದಿತ್ತು. ಕೊಡುವುದು ಬರೀ ಕಾಗದವಲ್ಲ. ಯಾವ ದ್ರಾವಣ, ಎಷ್ಟು ಹೊತ್ತು, ಎಷ್ಟು ಬಿಸಿ, ಇದೆಲ್ಲ ಕೈಹಿಡಿದು ಕಲಿಸಬೇಕು.

ಕೋವ್ಯಾಕ್ಸಿನ್‌ಗೂ ವೈರಸ್ ಬೇರ್ಪಡಿಸಿ ಕೊಟ್ಟದ್ದು ಎನ್‌ಐವಿಯೇ. ಲಸಿಕೆ ತಯಾರಿಸಿದ ಭಾರತ್ ಬಯೋಟೆಕ್ ಜೊತೆಗಿನ ಒಪ್ಪಂದದಂತೆ ಐಸಿಎಂಆರ್‌ಗೆ ನಿವ್ವಳ ಮಾರಾಟದ ಶೇ. 5 ರಾಯಲ್ಟಿ. ಆದರೂ ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರೇ ಇರಲಿಲ್ಲ, 2024ರಲ್ಲಿ ಗಲಾಟೆಯಾದ ಮೇಲೆ ಭಾರತ್ ಬಯೋಟೆಕ್ ಸೇರಿಸಲು ಹೊರಟಿತು. ದುಡ್ಡಿನ ಪಾಲು ಬೇರೆ, ಮಾಲೀಕತ್ವ ಬೇರೆ, ನೋಡಿ.

ಮಗಳಿಗೆ ಒಂದೇ ಮಾತು ಹೇಳಿ: ಅರ್ಜಿ ಹಾಕುವ ಮೊದಲು ಪೇಪರ್, ಪೋಸ್ಟರ್ ಅಂತ ಸುಮ್ನೆ ಹೊರಗೆ ಬಿಡಬಾರದು. ಕೆಲವು ವಿನಾಯಿತಿ ಬಿಟ್ಟರೆ ಹೊಸತನ ಹೋಯಿತು, ಪೇಟೆಂಟ್ ಸಿಗದು ಅಂತಲೇ ಲೆಕ್ಕ. ಹಾಗೇ, ಪ್ರಕೃತಿಯಲ್ಲಿ ಸಿಕ್ಕ ವೈರಸ್ ಅನ್ನು ಬರೀ ಪತ್ತೆಹಚ್ಚಿದ್ದಕ್ಕೆ ನಮ್ಮಲ್ಲಿ ಪೇಟೆಂಟ್ ಸಿಗುವುದಿಲ್ಲ.