ಒಡೆದು ಬಂದ ವಸ್ತು: ಇಟ್ಟುಕೊಳ್ಳಬೇಕೇ, ಮರಳಿಸಬೇಕೇ?

ಆನ್‌ಲೈನಿನಲ್ಲಿ ತರಿಸಿದ ವಸ್ತುಗಳು ದಾರಿಯಲ್ಲಿ ಹಾಳಾಗಿ ಬಂದಾಗ ಏನು ಮಾಡಬೇಕೆಂದು ಕೇಳಿದ ಪತ್ರಗಳನ್ನೇ ಈ ಬಾರಿಯ ಅಂಕಣಕ್ಕೆ ಆರಿಸಿಕೊಂಡಿದ್ದೇವೆ. ಮೊದಲನೆಯ ಪತ್ರಕ್ಕೆ ಕೊಟ್ಟ ಉತ್ತರದ ಬಹುಭಾಗ ಉಳಿದವುಗಳಿಗೂ ಅನ್ವಯಿಸುವುದರಿಂದ ಅದನ್ನು ವಿಸ್ತಾರವಾಗಿ ಬರೆಯಲಾಗಿದೆ.

ಪ್ರಶ್ನೆ: ಮಿಡಿ ಉಪ್ಪಿನಕಾಯಿ ಹಾಕಲೆಂದು ಮೂರು ಪಿಂಗಾಣಿ ಭರಣಿಗಳ ಸೆಟ್ ಒಂದನ್ನು ತರಿಸಿದೆ. ಅದರಲ್ಲಿ ದೊಡ್ಡ ಭರಣಿಯ ಬುಡದ ಹತ್ತಿರ ಕೂದಲೆಳೆಯಂಥ ಗೆರೆ ಕಾಣುತ್ತಿದೆ, ಉಳಿದೆರಡು ಚೆನ್ನಾಗಿವೆ. ಸ್ವಲ್ಪ ಹೊತ್ತು ನೀರು ತುಂಬಿಸಿಟ್ಟು ನೋಡಿದೆ, ಸೋರಲಿಲ್ಲ. ‘150 ರೂಪಾಯಿ ವಾಪಸ್ ಕೊಡುತ್ತೇವೆ, ವಸ್ತು ನಿಮ್ಮಲ್ಲೇ ಇರಲಿ’ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಮರಳಿಸಲು ಹೋದರೆ ಮೂರನ್ನೂ ಕೊಡಬೇಕೆಂದು ಆ್ಯಪ್ ತೋರಿಸುತ್ತದೆ. ‘ಇಷ್ಟಕ್ಕೆಲ್ಲ ಯಾಕೆ ರಗಳೆ, ಬೇಳೆಯನ್ನೋ ಅಕ್ಕಿಯನ್ನೋ ತುಂಬಿಸಿಟ್ಟರಾಯಿತು’ ಎಂದು ನಮ್ಮ ಮನೆಯವರು ಹೇಳುತ್ತಾರೆ. ಮರಳಿಸಲು ಇನ್ನು ನಾಲ್ಕು ದಿನ ಉಳಿದಿದೆ. ಏನು ಮಾಡಲಿ?
— ಓದುಗರು, ಸಾಗರ

ಉತ್ತರ: ಹಾನಿಯನ್ನು ಮಾರಾಟಗಾರರಿಗೆ ತಿಳಿಸುವುದು ಬೇರೆ, ವಸ್ತುವನ್ನು ಮರಳಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅನೇಕರು ‘ಮರಳಿಸಬೇಕೋ ಬೇಡವೋ’ ಎಂದು ಯೋಚಿಸುತ್ತ ಕುಳಿತು ಅವಧಿಯನ್ನು ಕಳೆದುಕೊಳ್ಳುತ್ತಾರೆ. ಇಟ್ಟುಕೊಳ್ಳುವ ಮನಸ್ಸಿದ್ದರೂ ಸರಿಯೇ, ಕಂಡ ದಿನವೇ ಚಿತ್ರಸಹಿತ ಬರವಣಿಗೆಯಲ್ಲಿ ತಿಳಿಸಿಬಿಡಿ. ತೀರ್ಮಾನವನ್ನು ಆಮೇಲೆ ನಿಧಾನವಾಗಿ ಮಾಡಬಹುದು. ನೀವು ಈಗಾಗಲೇ ತಿಳಿಸಿದ್ದೀರಿ ಎಂಬುದು ಅವರ ಉತ್ತರದಿಂದಲೇ ಗೊತ್ತಾಗುತ್ತದೆ. ಆದರೆ ಆ ಮಾತುಕತೆ ಫೋನಿನಲ್ಲಿ ಮಾತ್ರ ನಡೆದಿದ್ದರೆ, ಅದನ್ನೇ ಇಂದು ಆ್ಯಪಿನ ದೂರು ವಿಭಾಗದಲ್ಲಿ ಅಥವಾ ಇ-ಮೇಲಿನಲ್ಲಿ ಬರೆದು ಕಳುಹಿಸಿ.

ಇನ್ನು ಭರಣಿಯ ವಿಚಾರ. ಪಿಂಗಾಣಿಯ ಮೇಲೆ ಕಾಣುವ ಗೆರೆಗಳೆಲ್ಲ ಬಿರುಕುಗಳಲ್ಲ. ಮೇಲಿನ ಹೊಳಪಿನ ಲೇಪದಲ್ಲಿ ಮಾತ್ರ ಬಲೆಯಂತೆ ಹರಡಿದ ಸಣ್ಣ ಗೆರೆಗಳಿದ್ದರೆ, ಅವು ಸಾಮಾನ್ಯವಾಗಿ ಭಟ್ಟಿಯಲ್ಲಿ ಸುಟ್ಟು ಆರಿಸಿದ ಮೇಲೆ ಲೇಪವೂ ಒಳಗಿನ ಮಣ್ಣೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿದ್ದರಿಂದ ಆದವು, ಸಾಗಣೆಯಲ್ಲಿ ಆದವಲ್ಲ. ಆದರೆ ಒಂದೇ ಗೆರೆ ಬುಡದಿಂದ ಮೇಲಕ್ಕೆ ಹೋಗಿದ್ದರೆ, ಉಗುರಿನಿಂದ ಎಳೆದಾಗ ತಡೆದರೆ, ಅದೇ ಜಾಗದಲ್ಲಿ ಒಳಗಡೆಯೂ ಕಂಡರೆ ಅದು ಪೆಟ್ಟಿನ ಬಿರುಕೇ. ಮೂರು ಭರಣಿಗಳನ್ನೂ ಬರಿದು ಮಾಡಿ, ಬಟ್ಟೆಯ ಮೇಲಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿಯಾಗಿರುವುದು ಗಂಟೆಯಂತೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಒಡಕಿರುವುದು ‘ಟಪ್’ ಎಂದು ಸತ್ತ ಸದ್ದು ಮಾಡುತ್ತದೆ. ನೀರಿನ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡುವುದು ಒಳ್ಳೆಯದು. ಭರಣಿಯ ಹೊರಮೈಯನ್ನು ಚೆನ್ನಾಗಿ ಒರೆಸಿ, ಒಣ ದಿನಪತ್ರಿಕೆಯ ಮೇಲಿಟ್ಟು, ಕಂಠದವರೆಗೆ ನೀರು ತುಂಬಿಸಿ ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ತೇವದ ಗುರುತು ಇದೆಯೇ ನೋಡಿದರೆ ಸಾಕು.

ತೇವ ಕಾಣದಿದ್ದರೂ ಬಿರುಕಿರುವ ಭರಣಿಗೆ ಮಿಡಿ ಹಾಕಬೇಡಿ ಎಂಬುದೇ ನನ್ನ ಸಲಹೆ. ಉಪ್ಪುನೀರು ಸಾದಾ ನೀರಿನಂತೆ ಒಂದು ರಾತ್ರಿಯಲ್ಲಿ ತನ್ನ ಗುಣ ತೋರಿಸುವುದಿಲ್ಲ. ಅದು ತಿಂಗಳುಗಟ್ಟಲೆ ಒಳಗೆ ನಿಂತು ಬಿರುಕಿನಲ್ಲಿ ನಿಧಾನವಾಗಿ ಜಿನುಗಿ, ಹೊರಮೈಯಲ್ಲಿ ಒಣಗಿ ಬೆಳ್ಳಗೆ ಉಪ್ಪು ಕಟ್ಟಿದಾಗಲೇ ನಮಗೆ ಗೊತ್ತಾಗುವುದು. ಆ ವೇಳೆಗೆ ಮರಳಿಸುವ ಅವಧಿ ಮುಗಿದಿರುತ್ತದೆ. ಮೇಲಾಗಿ ಉಪ್ಪು, ಸಾಸಿವೆ, ಮೆಣಸು, ಮಿಡಿ ಇವುಗಳ ಬೆಲೆಯೇ ಭರಣಿಯ ಬೆಲೆಯನ್ನು ಮೀರಿರುತ್ತದೆ. ಈ ವರ್ಷದ ಮಿಡಿ ಹಾಳಾದರೆ ಮುಂದಿನ ಮಾವಿನ ಕಾಲದವರೆಗೆ ಕಾಯಬೇಕು. ಅದಕ್ಕೆ ಯಾವ ಮಾರಾಟಗಾರನೂ ಪರಿಹಾರ ಕೊಡುವುದಿಲ್ಲ. ನಿಮ್ಮ ಮನೆಯವರು ಹೇಳುವಂತೆ ಬೇಳೆ ತುಂಬಿಸಿಡಲು ಅಡ್ಡಿಯಿಲ್ಲ, ಆದರೆ ಬೇಳೆ ಹಾಕುವುದಕ್ಕೆ ನೀವು ಭರಣಿ ತರಿಸಿದ್ದಲ್ಲವಲ್ಲ.

150 ರೂಪಾಯಿಯ ಮಾತಿಗೆ ಒಂದೇ ಪರೀಕ್ಷೆ ಸಾಕು. ಪೇಟೆಯ ಅಂಗಡಿಯಲ್ಲಿ ಇದೇ ಭರಣಿಯನ್ನು, ಇದೇ ಬಿರುಕನ್ನು ತೋರಿಸಿ, 150 ರೂಪಾಯಿ ಕಡಿಮೆಗೆ ಕೊಡುತ್ತೇನೆಂದಿದ್ದರೆ ನೀವು ತೆಗೆದುಕೊಳ್ಳುತ್ತಿದ್ದಿರೇ? ಇಲ್ಲವೆಂದಾದರೆ ಈಗಲೂ ಒಪ್ಪಬೇಡಿ. ಇಂಥ ಭಾಗಶಃ ಮರುಪಾವತಿಯನ್ನು ಒಪ್ಪಿಕೊಂಡರೆ ಸಾಮಾನ್ಯವಾಗಿ ದೂರು ಇತ್ಯರ್ಥವಾಯಿತೆಂದು ದಾಖಲಾಗುತ್ತದೆ, ಆಮೇಲೆ ಮತ್ತೆ ಬಾಗಿಲು ತಟ್ಟುವುದು ಕಷ್ಟ. ಬಣ್ಣ ಕೆದರಿದ್ದಕ್ಕೆ, ಮುಚ್ಚಳದ ಅಂಚು ಚೂರೇ ಹೋದದ್ದಕ್ಕೆ ಇಂಥ ರಿಯಾಯಿತಿ ನ್ಯಾಯವೇ. ಆದರೆ ವಸ್ತುವಿನ ಮುಖ್ಯ ಕೆಲಸವೇ ಕೆಟ್ಟಿದ್ದಾಗ ಅದು ಮಾರಾಟಗಾರರಿಗೆ ಮಾತ್ರ ಲಾಭದ ವ್ಯವಹಾರ.

ಸೆಟ್ಟಿನ ತೊಡಕಿಗೆ ಹೀಗೆ ಮಾಡಿ. ಆ್ಯಪಿನ ಲೆಕ್ಕದಲ್ಲಿ ಮೂರು ಭರಣಿಗಳೂ ಸೇರಿ ಒಂದೇ ವಸ್ತು, ಆದ್ದರಿಂದ ಯಂತ್ರವು ಒಂದನ್ನು ಮಾತ್ರ ಮರಳಿಸಲು ಬಿಡುವುದಿಲ್ಲ. ದೊಡ್ಡದೊಂದನ್ನು ಮಾತ್ರ ಬದಲಿಸಿಕೊಡುವಂತೆ ಮಾರಾಟಗಾರರನ್ನೇ ಬರವಣಿಗೆಯಲ್ಲಿ ಕೇಳಿ, ಎರಡು ದಿನ ನೋಡಿ. ಒಪ್ಪದಿದ್ದರೆ ಮೂರನೆಯ ದಿನ ಇಡೀ ಸೆಟ್ಟನ್ನು ಮರಳಿಸುವ ಕೋರಿಕೆ ಹಾಕಿಬಿಡಿ. ನಾಲ್ಕನೆಯ ದಿನದ ರಾತ್ರಿಯವರೆಗೆ ಕಾಯುವುದು ಬೇಡ. ಬಂದ ರಟ್ಟಿನ ಪೆಟ್ಟಿಗೆ, ಹುಲ್ಲು, ಗುಳ್ಳೆಹಾಳೆ ಎಲ್ಲವನ್ನೂ ಇಟ್ಟುಕೊಂಡಿದ್ದೀರೆಂದು ನಂಬಿದ್ದೇನೆ. ಬಿರುಕಿನ ಚಿತ್ರದ ಜೊತೆಗೆ ಪೆಟ್ಟಿಗೆಯ ಹೊರಮೈ, ಅಂಟಿಸಿದ ವಿಳಾಸದ ಚೀಟಿ, ಒಳಗಿನ ಮೆತ್ತೆ ಎಷ್ಟಿತ್ತು ಎಂಬುದರ ಚಿತ್ರಗಳೂ ಬೇಕು, ಏಕೆಂದರೆ ಎರಡು ಭರಣಿಗಳ ನಡುವೆ ರಟ್ಟಿನ ಅಡ್ಡಗೋಡೆಯೇ ಇಲ್ಲದಿದ್ದರೆ ತಪ್ಪು ಪ್ಯಾಕಿಂಗಿನದು ಎಂದು ಚಿತ್ರವೇ ಹೇಳುತ್ತದೆ. ಮರಳಿ ಕಳುಹಿಸುವಾಗ ನೀವು ಹೇಗೆ ಕಟ್ಟಿದಿರಿ ಎಂಬುದನ್ನೂ ಚಿತ್ರ ತೆಗೆದಿಡಿ. ಹೋಗುವ ದಾರಿಯಲ್ಲಿ ಉಳಿದೆರಡು ಒಡೆದರೆ ಆ ಹೊಣೆ ನಿಮ್ಮ ತಲೆಗೆ ಬರಬಾರದು.

ಕಾನೂನು ನಿಮ್ಮ ಪಕ್ಷದಲ್ಲಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಹಾಗಾಗಿ ಒಡೆದ ವಸ್ತುವನ್ನು ಒಯ್ಯಲು ಸಾಗಣೆ ಖರ್ಚನ್ನು ನೀವೇ ಕೊಡಬೇಕೆಂದರೆ ಕೂಡಲೇ ಒಪ್ಪಿಕೊಳ್ಳಬೇಕಿಲ್ಲ. ಇನ್ನೂ ಹಳೆಯದಾದ 1930ರ ಸರಕು ಮಾರಾಟ ಕಾಯಿದೆಯ 43ನೆಯ ಕಲಮು ಸಹ, ಬೇರೆ ಕರಾರು ಇಲ್ಲದಿದ್ದಲ್ಲಿ, ನ್ಯಾಯವಾಗಿ ನಿರಾಕರಿಸಿದ ಸರಕನ್ನು ಕೊಂಡವನೇ ಹೊತ್ತು ತಂದು ಕೊಡಬೇಕಾಗಿಲ್ಲ, ನಿರಾಕರಿಸಿದ್ದೇನೆಂದು ತಿಳಿಸಿದರೆ ಸಾಕು ಎನ್ನುತ್ತದೆ. ಆನ್‌ಲೈನ್ ತಾಣಗಳ ಷರತ್ತುಗಳು ಇಂಥ ‘ಬೇರೆ ಕರಾರು’ ಆಗಬಹುದಾದ್ದರಿಂದ ಅವುಗಳನ್ನೂ ಒಮ್ಮೆ ಓದಿಕೊಳ್ಳಿ.

ಪ್ರಶ್ನೆ: ಅಕ್ಕನ ಮಗನ ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ಮಿಕ್ಸರ್ ತರಿಸಿ, ಪೆಟ್ಟಿಗೆ ತೆರೆಯದೆ ಇಟ್ಟಿದ್ದೆ. ಮೂರು ವಾರದ ಮೇಲೆ ಅವರ ಮನೆಯಲ್ಲಿ ತೆರೆದಾಗ ಜಾರಿನ ಮುಚ್ಚಳ ಒಡೆದಿತ್ತು, ಮೋಟರಿನ ಕವಚವೂ ಬುಡದಲ್ಲಿ ಸೀಳಿತ್ತು. ಮರಳಿಸುವ ಹತ್ತು ದಿನದ ಅವಧಿ ಮುಗಿದಿದೆ, ತಂದುಕೊಟ್ಟ ಹುಡುಗನಿಗೆ ಓಟಿಪಿಯನ್ನೂ ಹೇಳಿದ್ದೆ. ಇನ್ನು ದಾರಿ ಇದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ದಾರಿ ಇದೆ, ಆದರೆ ಕಿರಿದಾಗಿದೆ. ಮೊದಲು ಆ ಮಿಕ್ಸರನ್ನು ಪ್ಲಗ್ಗಿಗೆ ಹಾಕಬೇಡಿ ಎಂದು ಅವರ ಮನೆಗೆ ಹೇಳಿ. ಮುಚ್ಚಳ ಒಡೆದದ್ದು ಸಣ್ಣ ಸಂಗತಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬೇರೆ ಸಿಗುತ್ತದೆ. ಕವಚ ಸೀಳಿರುವುದು ಹಾಗಲ್ಲ. ಅದರೊಳಗೆ ಒದ್ದೆ ಕೈ, ಚಟ್ನಿಯ ನೀರು ತಲುಪಿದರೆ ವಿದ್ಯುತ್ ತಗಲುವ ಅಪಾಯವಿದೆ. ಟೇಪು ಸುತ್ತಿ ಬಳಸುವ ಯೋಚನೆಯೇ ಬೇಡ.

ಓಟಿಪಿ ಹೇಳಿದ್ದೀರೆಂದರೆ ಪೊಟ್ಟಣ ತಲುಪಿತೆಂದು ಒಪ್ಪಿದ್ದೀರಿ ಎಂದಷ್ಟೇ ಅರ್ಥ, ಒಳಗಿನ ವಸ್ತು ಸರಿಯಿತ್ತೆಂದಲ್ಲ. ನಿಮ್ಮ ಪಕ್ಷದ ನಿಜವಾದ ದೌರ್ಬಲ್ಯ ಮೂರು ವಾರದ ಮೌನ. ‘ನಿಮ್ಮ ಮನೆಯಲ್ಲೇ ಬಿದ್ದಿರಬಹುದು’ ಎಂದು ಅವರು ಹೇಳಿದರೆ ಅದನ್ನು ಅಲ್ಲಗಳೆಯಲು ಪೆಟ್ಟಿಗೆಯೇ ಸಾಕ್ಷಿ: ಮೂಲೆ ಜಜ್ಜಿದೆಯೇ, ಒಳಗಿನ ಥರ್ಮಾಕೋಲು ಕವಚ ಸೀಳಿದ ಬದಿಯಲ್ಲೇ ಮುರಿದಿದೆಯೇ ನೋಡಿ, ಚಿತ್ರ ತೆಗೆಯಿರಿ. ವಾರಂಟಿ ಕಾರ್ಡಿನ ಮೇಲೆ ಹೆಚ್ಚು ಭರವಸೆ ಇಡಬೇಡಿ, ಬಿದ್ದು ಒಡೆದ ಹಾನಿಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ.

ತಾಣದ ಕುಂದುಕೊರತೆ ಅಧಿಕಾರಿಗೆ ದೂರು ಬರೆಯಿರಿ. ಅಂಥ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರತಿ ತಾಣವೂ ಪ್ರಕಟಿಸಬೇಕು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕೆಂಬುದು 2020ರ ನಿಯಮ. ಫಲ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು: ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದವರೆಗೆ ಅವಕಾಶವಿದೆ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಒಂದು ಮಿಕ್ಸರಿಗಾಗಿ ಅಷ್ಟು ಓಡಾಟ ಬೇಕೇ ಎಂಬುದನ್ನು ನೀವೇ ತೂಗಿ ನೋಡಬೇಕು; ನನ್ನ ಎಣಿಕೆಯಲ್ಲಿ 1915ರವರೆಗಿನ ಪ್ರಯತ್ನ ಖಂಡಿತ ಸಾರ್ಥಕ. ಬಿಲ್ಲಿನಲ್ಲಿ ಮರಳಿಸುವ ಅವಧಿಯನ್ನೇ ನಮೂದಿಸದ ಮಾರಾಟಗಾರನಾದರೆ ಮಾತು ಬೇರೆ, ಅಂಥ ಸಂದರ್ಭದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷವಿರುವ ವಸ್ತುವಿನ ಹಣ ಮರಳಿಸಲು 30 ದಿನಗಳ ಲೆಕ್ಕ ಹಿಡಿಯುತ್ತದೆ.

ಉಡುಗೊರೆಗೆ ತರಿಸಿದ್ದಾದರೂ ಬಂದ ದಿನವೇ ತೆರೆದು ನೋಡಿ ಮತ್ತೆ ಕಾಗದ ಸುತ್ತಿಕೊಟ್ಟರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: 43 ಇಂಚಿನ ಟಿ.ವಿ. ಬಂದಿದೆ. ಪೆಟ್ಟಿಗೆಯ ಒಂದು ಮೂಲೆ ತಗ್ಗಾಗಿದೆ. ಜೋಡಿಸುವ ತಂತ್ರಜ್ಞ ನಾಡಿದ್ದು ಬರುತ್ತಾನಂತೆ. ಅಲ್ಲಿಯವರೆಗೆ ತೆರೆಯಬಾರದು ಎಂದಿದ್ದಾರೆ. ತೆರೆದು ನೋಡಲೇ?
— ಓದುಗರು, ಬಳ್ಳಾರಿ

ಉತ್ತರ: ತೆರೆಯಬೇಡಿ. ಪರದೆ ಒಡೆದಿದ್ದರೆ, ತೆರೆದವರು ನೀವೆಂಬ ಒಂದೇ ಕಾರಣಕ್ಕೆ ವಾದ ಹುಟ್ಟುತ್ತದೆ. ಪೆಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿಡಿ, ತಗ್ಗಾದ ಮೂಲೆಯ ಚಿತ್ರವನ್ನು ಇಂದೇ ಆ್ಯಪಿನಲ್ಲಿ ಕಳುಹಿಸಿ, ತಂತ್ರಜ್ಞ ತೆರೆಯುವಾಗ ಮೊಬೈಲಿನಲ್ಲಿ ಆರಂಭದಿಂದ ಕೊನೆಯವರೆಗೆ ಚಿತ್ರೀಕರಿಸಿ. ಅವನು ಬರುವುದು ತಡವಾಗಿ ಮರಳಿಸುವ ಅವಧಿ ಮೀರುವ ಹಾಗಿದ್ದರೆ ಆ ವಿಷಯವನ್ನೂ ಮೊದಲೇ ಬರೆದು ತಿಳಿಸಿ. ಮುಂದೆ ಇಂಥ ದೊಡ್ಡ ವಸ್ತು ತರಿಸುವಾಗ, ತಂದವರೇ ನಿಮ್ಮೆದುರು ತೆರೆದು ತೋರಿಸಿದ ಮೇಲೆ ಓಟಿಪಿ ಪಡೆಯುವ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಸಣ್ಣ ಕುಶಲಕರ್ಮಿಯೊಬ್ಬರಿಂದ ನೇರವಾಗಿ ಚನ್ನಪಟ್ಟಣದ ಎಳೆಯುವ ಗಾಡಿಯ ಆಟಿಕೆ ತರಿಸಿದೆವು. ಒಂದು ಚಕ್ರ ಕಳಚಿ ಬಂದಿದೆ. ಅವರು ಬಡವರು, ಮರಳಿಸಿದರೆ ಅವರಿಗೆ ನಷ್ಟವಲ್ಲವೇ ಎಂದು ಸುಮ್ಮನಿದ್ದೇವೆ. ಅಂಟು ಹಾಕಿ ಒಂದೂವರೆ ವರ್ಷದ ಮಗುವಿಗೆ ಕೊಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಕೊಡಬೇಡಿ. ಆ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಂಟು ಬಿಟ್ಟು ಚಕ್ರವೋ ಅದರ ಗೂಟವೋ ಕಳಚಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಜೊತೆಗೆ, ಅರಗಿನ ಬಣ್ಣ ಲೇಪಿಸಿದ ಮರದ ಆಟಿಕೆಯನ್ನು ನಂಬಿ ತರಿಸಿ, ಅದಕ್ಕೆ ಅಂಗಡಿಯ ರಾಸಾಯನಿಕ ಅಂಟು ಬಳಿಯುವುದರಲ್ಲಿ ಅರ್ಥವಿಲ್ಲ.

ಸುಮ್ಮನಿದ್ದು ಅವರಿಗೆ ಉಪಕಾರ ಮಾಡುತ್ತಿದ್ದೇವೆಂದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಚಕ್ರ ಕಳಚಿದ್ದು ಗೂಟ ಸಡಿಲವಾದ್ದರಿಂದಲೋ ಪೆಟ್ಟಿಗೆ ಬಿಗಿಯಿಲ್ಲದ್ದರಿಂದಲೋ ಎಂದು ಅವರಿಗೆ ತಿಳಿಯದಿದ್ದರೆ ಮುಂದಿನ ಹತ್ತು ಪೆಟ್ಟಿಗೆಗಳೂ ಹಾಗೆಯೇ ಹೋಗುತ್ತವೆ. ಚಿತ್ರ ಕಳುಹಿಸಿ, ಇಡೀ ಆಟಿಕೆಯನ್ನು ಮರಳಿಸುವ ಬದಲು ಹೊಸ ಚಕ್ರವನ್ನೂ ಗೂಟವನ್ನೂ ಮಾತ್ರ ಕಳುಹಿಸಲು ಸಾಧ್ಯವೇ, ಅದನ್ನು ಕೂರಿಸುವುದು ಹೇಗೆ ಎಂದು ಕೇಳಿ. ಚಿಕ್ಕ ಲಕೋಟೆಯಲ್ಲಿ ಅಂಚೆಗೆ ಹಾಕಿದರೆ ಕೊರಿಯರ್ ಖರ್ಚೂ ಉಳಿಯುತ್ತದೆ. ಮನೆಯಲ್ಲಿ ಭದ್ರವಾಗಿ ಕೂರಿಸಲಾಗದು ಎಂದು ಅವರೇ ಹೇಳಿದರೆ ಆಗ ಮರಳಿಸಿ. ಅವರಿಗೆ ಹೊರೆಯಾಗಬಾರದೆಂದಿದ್ದರೆ ಸಾಗಣೆ ವೆಚ್ಚದಲ್ಲಿ ಅರ್ಧವನ್ನು ನೀವು ಭರಿಸಬಹುದು, ಅದು ನಿಮ್ಮ ಔದಾರ್ಯಕ್ಕೆ ಬಿಟ್ಟದ್ದು.

ಪ್ರಶ್ನೆ: ಒಡೆದ ಗಾಜಿನ ಲೋಟಗಳ ಬಗ್ಗೆ ದೂರು ಕೊಡಲು ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಿದೆ. ಹಣ ವಾಪಸ್ ಹಾಕುತ್ತೇವೆ, ಯುಪಿಐ ಪಿನ್ ಒತ್ತಿ ಎಂದರು. ಒತ್ತಲಿಲ್ಲ. ಸರಿ ಮಾಡಿದೆನೇ?
— ಓದುಗರು, ದಾವಣಗೆರೆ

ಉತ್ತರ: ಸರಿಯಾಗಿಯೇ ಮಾಡಿದಿರಿ. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಸಹಾಯವಾಣಿಯ ಸಂಖ್ಯೆಯನ್ನು ಆ್ಯಪಿನ ಒಳಗಿನಿಂದ ಅಥವಾ ಬಿಲ್ಲಿನಿಂದ ಮಾತ್ರ ತೆಗೆದುಕೊಳ್ಳಿ. ಆ ಕರೆಯಲ್ಲಿ ಕಾರ್ಡಿನ ಸಂಖ್ಯೆಯನ್ನೋ ಓಟಿಪಿಯನ್ನೋ ಹೇಳಿದ್ದರೆ, ಅಥವಾ ಅವರು ಹೇಳಿದ ಯಾವುದಾದರೂ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡಿದ್ದರೆ ಇಂದೇ ಬ್ಯಾಂಕಿಗೆ ತಿಳಿಸಿ. ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಲೋಟಗಳ ದೂರನ್ನು ಆ್ಯಪಿನ ಮೂಲಕ ಹೊಸದಾಗಿ ದಾಖಲಿಸಿ. ಮೋಸದ ಕರೆಯಲ್ಲಿ ಕಳೆದುಹೋದ ದಿನಗಳಿಗೆ ಮರಳಿಸುವ ಅವಧಿ ಕಾಯುವುದಿಲ್ಲ.