ಫ್ಯಾಕ್ಟರಿ ಬೆಲ್ಟ್ ಹಾಕಿಕೊಂಡು ವಿಯಾ ಫೆರ್ರಾಟಾ ಹತ್ತಬಹುದಾ?

ಪ್ರಶ್ನೆ: ನಾ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯಾಗ ಎತ್ತರದ ಮ್ಯಾಲೆ ಕೆಲಸ ಮಾಡಾಂವ. ನಮಗ ಕೊಟ್ಟ ಡಬಲ್ ಹುಕ್ ಸೇಫ್ಟಿ ಬೆಲ್ಟ್ ಅದ, ಷಾಕ್ ಅಬ್ಸಾರ್ಬರ್ ಸೈತ ಅದ. ಜೂನ್‌ನಾಗ ಗೆಳೆಯರ ಜೋಡಿ ಇಟಲಿಯ ಡಾಲೊಮೈಟ್ಸ್‌ಗೆ ವಿಯಾ ಫೆರ್ರಾಟಾ ಹತ್ತಲಿಕ್ಕೆ ಹೊಂಟೀವಿ. ಇದೇ ಬೆಲ್ಟ್ ಒಯ್ದರ ನಡೀತದೇನ್ರಿ?

ಉತ್ತರ: ನಡೆಯೋದಿಲ್ಲ. ವಿಯಾ ಫೆರ್ರಾಟಾ ಅಂದರೆ ಬಂಡೆಗೆ ಗೂಟ ಹೊಡೆದು ಕಬ್ಬಿಣದ ಕೇಬಲ್ ಬಿಗಿದ ಹತ್ತುವ ದಾರಿ. ಆ ಕೇಬಲ್‌ಗೆ ಸಿಕ್ಕಿಸಿಕೊಳ್ಳಲು ಬೇರೆಯೇ ಸೆಟ್ ಇದೆ. ವಾಡಿ, ಮಳಖೇಡ, ಶಹಾಬಾದ್ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ನಿಮ್ಮ ಬೆಲ್ಟು, ಫೆರ್ರಾಟಾ ಸೆಟ್ಟು ಎರಡರಲ್ಲೂ ಕೈಯಂತೆ ಚಾಚಿದ ಎರಡು ಪಟ್ಟಿ, ಎರಡು ಹುಕ್, ಬುಡದಲ್ಲಿ ಒಂದು ಹೊಲಿದ ಚೀಲ, ಅದೇ ಅಬ್ಸಾರ್ಬರ್. ನೋಡಲಿಕ್ಕೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಅಂತ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಯಾಕೆ ಅಂತ ಒಮ್ಮೆ ಸರಿಯಾಗಿ ಲೆಕ್ಕ ಹಾಕಿಬಿಡೋಣ.

ಫ್ಯಾಕ್ಟರಿ ಲ್ಯಾನ್ಯಾರ್ಡ್, ಅಂದರೆ ಬೆಲ್ಟಿನಿಂದ ಹುಕ್‌ವರೆಗಿನ ಪಟ್ಟಿ, ಹೆಚ್ಚೆಂದರೆ 2 ಮೀಟರ್ ಉದ್ದ. ಹುಕ್ಕನ್ನು ಕಾಲ ಬುಡದಲ್ಲಿ ಸಿಕ್ಕಿಸಿದರೂ ಬೀಳುವುದು 4 ಮೀಟರ್. ಆ ಅಬ್ಸಾರ್ಬರನ್ನು 100 ಕೆ.ಜಿ. ತೂಕ ಕಟ್ಟಿ ಪರೀಕ್ಷಿಸುವುದು ಅಷ್ಟಕ್ಕೇ. ಬಂಡೆಯ ಮೇಲಿನ ಕೇಬಲ್‌ನಲ್ಲಿ ಹುಕ್ ಒಂದು ಕಡೆ ನಿಲ್ಲುವುದಿಲ್ಲ. ಕೈಬಿಟ್ಟರೆ ಕೆಳಗಿನ ಗೂಟದವರೆಗೆ ಜಾರಿಕೊಂಡು ಹೋಗುತ್ತದೆ. ಗೂಟಗಳ ನಡುವೆ 3 ಮೀಟರ್, ಲ್ಯಾನ್ಯಾರ್ಡ್ 1 ಮೀಟರ್, ಹುಕ್ ಮೇಲಿನ ಗೂಟದ ಸಮೀಪ, ನಿಮ್ಮ ಸೊಂಟ ಅದಕ್ಕಿಂತ 1 ಮೀಟರ್ ಮೇಲೆ ಅಂತ ಇಟ್ಟುಕೊಳ್ಳಿ. 1 + 3 + 1, ಒಟ್ಟು 5 ಮೀಟರ್. ಹಗ್ಗದ ಕ್ಲೈಂಬಿಂಗ್‌ನಲ್ಲಿ ಬೀಳುವ ದೂರ ಹಗ್ಗದ ಉದ್ದದ ಎರಡು ಪಟ್ಟು ದಾಟುವುದಿಲ್ಲ. ಇಲ್ಲಿ ಐದು ಪಟ್ಟು. ನಿಮ್ಮ 2 ಮೀಟರ್ ಲ್ಯಾನ್ಯಾರ್ಡ್ ಹಾಕಿ, ಸೊಂಟವೂ ಹುಕ್‌ಗಿಂತ 2 ಮೀಟರ್ ಮೇಲಿದ್ದರೆ 2 + 3 + 2, 7 ಮೀಟರ್ ಆಗುತ್ತದೆ.

80 ಕೆ.ಜಿ. ಮನುಷ್ಯ 5 ಮೀಟರ್ ಬಿದ್ದು 10 ಸೆಂಟಿಮೀಟರ್‌ನಲ್ಲಿ ನಿಲ್ಲಬೇಕಾದರೆ ಸರಾಸರಿ 40 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆ.ಜಿ. ಭಾರ) ಎಳೆತ ಬೀಳುತ್ತದೆ. ಒಳ್ಳೆಯ ಕ್ಯಾರಾಬಿನರ್ (ಬಾಗಿಲಿರುವ ಲೋಹದ ಕೊಂಡಿ) ತಾಳುವುದು 25ರ ಆಸುಪಾಸು. ಅದೇ ಮನುಷ್ಯ ಒಂದೂವರೆ ಮೀಟರ್‌ನಲ್ಲಿ ನಿಂತರೆ ಮೂರೂವರೆ ಕಿಲೋನ್ಯೂಟನ್ ಸಾಕು. ಆ ಒಂದೂವರೆ ಮೀಟರನ್ನು ಕೊಡುವುದೇ ಹೊಲಿಗೆ ಹರಿಯುತ್ತ ಬಿಚ್ಚಿಕೊಳ್ಳುವ ಪಟ್ಟಿ. ಸಾದಾ ಸ್ಲಿಂಗ್‌ಗೆ (ಅಬ್ಸಾರ್ಬರ್ ಇಲ್ಲದ ಪಟ್ಟಿಯ ಕುಣಿಕೆ) ಗಂಟು ಹಾಕಿದರೆ ಅದೇ ಅಬ್ಸಾರ್ಬರ್ ಆಗುತ್ತದೆ ಎಂದು ವಿಡಿಯೋಗಳಲ್ಲಿ ಬೋಧಿಸುವ ಪಂಡಿತರಿದ್ದಾರೆ. ಗಂಟು ಸ್ಲಿಂಗ್‌ನ ಬಲ ತಗ್ಗಿಸುತ್ತದೆ, ಅಷ್ಟೇ.

ಆದ್ದರಿಂದ ಸೆಟ್ ಮೇಲೆ ಯುರೋಪಿನ ಮಾನದಂಡದ ಗುರುತು, ಇಎನ್ 958:2017 ಅಂತ ಬರೆದಿರಬೇಕು. ಈ ನಿಯಮದಲ್ಲಿ ಪಟ್ಟಿ 2.2 ಮೀಟರ್‌ವರೆಗೆ ಬಿಚ್ಚಿಕೊಳ್ಳಬಹುದು. 40 ಕೆ.ಜಿ.ಯವರಿಗೆ ಏಟು 3.5 ಕಿಲೋನ್ಯೂಟನ್, 120 ಕೆ.ಜಿ.ಗೆ 6 ಕಿಲೋನ್ಯೂಟನ್ ಮೀರಬಾರದು. ಹಳೆಯ ಸೆಟ್‌ಗಳನ್ನು 80 ಕೆ.ಜಿ. ಒಂದಕ್ಕೇ ಪರೀಕ್ಷಿಸುತ್ತಿದ್ದರು, ಹಗುರ ಮೈಯವರಿಗೆ ಅದರ ಏಟೇ ಅಪಾಯ. 2012ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದಲ್ಲಿ ಒಂದು ಸೆಟ್‌ನ ಎಲಾಸ್ಟಿಕ್ ಕೈಗಳು ಎರಡೂ ತುಂಡಾಗಿ ಒಬ್ಬರು ಸತ್ತರು. ಆಮೇಲೆ ಹಲವು ಕಂಪನಿಗಳು ಮಾಲು ವಾಪಸ್ ಕರೆಸಿಕೊಂಡವು. ಅಗ್ಗಕ್ಕೆ ಸಿಕ್ಕಿತೆಂದು ಯಾರೋ ಬಳಸಿದ್ದನ್ನು ಕೊಳ್ಳಬೇಡಿ ಅನ್ನುವುದು ಅದಕ್ಕೇ.

ನಿಮ್ಮ ಬೆಲ್ಟಿನ ಇನ್ನೆರಡು ತೊಡಕು. ಒಂದು, ಅದರ ರಿಂಗ್ ಬೆನ್ನಿಗಿದೆ. ಫೆರ್ರಾಟಾದಲ್ಲಿ ಲ್ಯಾನ್ಯಾರ್ಡ್ ಹೊಟ್ಟೆಯ ಮುಂದೆಯೇ ಇರಬೇಕು. ಕ್ಲೈಂಬಿಂಗ್ ಹಾರ್ನೆಸ್‌ನಲ್ಲಿ (ಸೊಂಟ, ತೊಡೆಗೆ ಕಟ್ಟುವ ಬೆಲ್ಟ್) ತಯಾರಕರು ತೋರಿಸಿದ ಜಾಗಕ್ಕೆ, ನಡುವೆ ಕ್ಯಾರಾಬಿನರ್ ಇಲ್ಲದೆ, ಕುಣಿಕೆಯಾಗಿ ಹಾಕಬೇಕು. ಎರಡು, ನಿಮ್ಮ ದೊಡ್ಡ ಹುಕ್ ಪೈಪಿಗೆ ಮಾಡಿದ್ದು. ಫೆರ್ರಾಟಾ ಕ್ಯಾರಾಬಿನರ್ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಕೆ’ ಅಕ್ಷರ ಇರುತ್ತದೆ: ಗೂಟದ ಮೇಲೆ ಬಾಗಿ ಬೀಳುವ ಭಾರಕ್ಕೂ ಪರೀಕ್ಷೆಯಾಗಿದೆ ಎಂದರ್ಥ. ಸಿಮೆಂಟ್ ಧೂಳಿನ ಮಾತು ಬೇರೆ. ಧೂಳು ನೂಲಿನೊಳಗೆ ಸೇರಿ ಉಜ್ಜುತ್ತದೆ, ಬೆವರಿಗೆ ಒದ್ದೆಯಾದರೆ ಅದರ ಕ್ಷಾರ ಪಾಲಿಯೆಸ್ಟರನ್ನು ತಿನ್ನುತ್ತದೆ.

ಹೊಸ ಸೆಟ್ ಕೊಂಡ ಮೇಲೂ ಫ್ಯಾಕ್ಟರಿಯ ಒಂದು ರೂಢಿ ಬಿಡಬೇಕು. ಖಾಲಿ ಇರುವ ಹುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ನಿಮ್ಮ ಕೈಗೆ ಅಂಟಿರುತ್ತದೆ. ಫೆರ್ರಾಟಾದಲ್ಲಿ ಸೆಟ್‌ನ ಒಂದು ಕೈ ಕೇಬಲ್‌ಗೆ, ಇನ್ನೊಂದು ಹಾರ್ನೆಸ್‌ಗೆ ಇದ್ದರೆ ಎಳೆತ ಆ ಎರಡು ಕೈಗಳ ಮೂಲಕವೇ ನಿಮ್ಮ ಸೊಂಟಕ್ಕೆ ಬರುತ್ತದೆ. ಅಬ್ಸಾರ್ಬರ್ ಸುಮ್ಮನೆ ಜೋತು ಬಿದ್ದಿರುತ್ತದೆ, ಬಿಚ್ಚುವುದೇ ಇಲ್ಲ. ಎರಡೂ ಸದಾ ಕೇಬಲ್‌ನಲ್ಲಿರಲಿ. ಗೂಟ ಬಂದಾಗ ಒಂದನ್ನು ತೆಗೆದು ಆಚೆ ಹಾಕಿ, ‘ಟಕ್’ ಸದ್ದು ಕೇಳಿ, ಆಮೇಲೆ ಎರಡನೆಯದು. ದಣಿದರೆ ಸೆಟ್‌ನಲ್ಲಿ ವಿಶ್ರಾಂತಿಗೆಂದೇ ಇರುವ ಕುಣಿಕೆಗೆ ಮೂರನೇ ಕ್ಯಾರಾಬಿನರ್ ಹಾಕಿ ಕುಳಿತುಕೊಳ್ಳಿ. ಹೊರಡುವ ಮುಂಚೆ ಅದನ್ನು ತೆಗೆಯುವುದನ್ನು ಮರೆಯಬೇಡಿ. ಎರಡು ಗೂಟಗಳ ನಡುವೆ ಒಬ್ಬರೇ ಇರಬೇಕು. ಮೇಲಿನವ ಜಾರಿದರೆ ಕೆಳಗಿನವನ ತಲೆಯ ಮೇಲೇ ಬರುತ್ತಾನೆ.

ಇಷ್ಟೆಲ್ಲ ಇದ್ದರೂ ಇಲ್ಲಿ ಬೀಳಲೇಬಾರದು. ಕೇಬಲ್ ಪಕ್ಕದ ಮೆಟ್ಟಿಲು ಸರಳುಗಳು ಕಾಲು ಮುರಿಯುತ್ತವೆ. ಇನ್ನು ಜೂನ್ ಯಾಕೆ? ಎತ್ತರದ ದಾರಿಗಳಲ್ಲಿ ಆಗಿನ್ನೂ ಹಿಮ ಉಳಿದಿರುತ್ತದೆ. ಜುಲೈ ನಂತರ ಹೋಗಿ, ದಾರಿಯ ಕಷ್ಟ ಅಳೆಯುವ ಆಸ್ಟ್ರಿಯಾದ ಎ–ಇ ಶ್ರೇಣಿಯಲ್ಲಿ (ಎ ಎಲ್ಲಕ್ಕಿಂತ ಸುಲಭ) ಎ ಅಥವಾ ಬಿ ದರ್ಜೆಯ ದಾರಿ ಹಿಡಿಯಿರಿ. ಸೆಟ್, ಹಾರ್ನೆಸ್, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ.

ಪ್ರಶ್ನೆ: ಬೈಕ್ ಹೆಲ್ಮೆಟ್ ಇಲ್ಲಾ ಫ್ಯಾಕ್ಟರಿ ಹಳದಿ ಟೊಪ್ಪಿಗಿ ನಡೀತದಾ?

ಉತ್ತರ: ಎರಡೂ ಬೇಡ. ಹಳದಿ ಟೊಪ್ಪಿಗೆಯ ಗಲ್ಲದ ಪಟ್ಟಿ ಜೋರಾಗಿ ಎಳೆದರೆ ಕಳಚಿಕೊಳ್ಳುವಂತೆಯೇ ಮಾಡಿರುತ್ತಾರೆ, ಬೀಳುವಾಗ ನಿಮಗಿಂತ ಮೊದಲು ಅದು ನೆಲ ಮುಟ್ಟುತ್ತದೆ. ಇಎನ್ 12492 ಗುರುತಿನದು ಕೊಳ್ಳಿ.

ಪ್ರಶ್ನೆ: ಮಗಳು 34 ಕೆ.ಜಿ. ಇದ್ದಾಳೆ, ಸಣ್ಣ ಸೆಟ್ ಸಿಗುತ್ತದೆಯೇ?

ಉತ್ತರ: 40 ಕೆ.ಜಿ.ಗಿಂತ ಕಡಿಮೆಯಿದ್ದರೆ ಸೆಟ್ ಒಂದನ್ನೇ ನಂಬುವ ಹಾಗಿಲ್ಲ. ಬಲ್ಲವರು ಮೇಲಿನಿಂದ ಹಗ್ಗ ಹಿಡಿದಿರಬೇಕು. ಹಗ್ಗ ಹಿಡಿಯಲು ನಿಮಗೆ ಬಾರದಿದ್ದರೆ ಗೈಡ್ ಮಾಡಿಕೊಳ್ಳಿ, ಇಲ್ಲವೇ ಕರೆದೊಯ್ಯಬೇಡಿ.

ಪ್ರಶ್ನೆ: ಬೀದರ್ ಕೋಟೆ, ಯಾದಗಿರಿ ಬೆಟ್ಟದಲ್ಲಿ ನಾವೇ ಗೂಟ ಹೊಡೆದು ದಾರಿ ಮಾಡಿದರೆ?

ಉತ್ತರ: ಬೀದರ್ ಕೋಟೆ ರಕ್ಷಿತ ಸ್ಮಾರಕ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅದಕ್ಕೆ ಹಾನಿ ಮಾಡುವುದು ಅಪರಾಧ. ಅಲ್ಲದೆ ಅದರ ಜಂಬಿಟ್ಟಿಗೆ ಕಲ್ಲಿಗೆ ತೂತು ಜಾಸ್ತಿ, ಬೋಲ್ಟ್ ಹಿಡಿಯುವುದಿಲ್ಲ. ಯಾದಗಿರಿಯ ಗ್ರಾನೈಟ್ ಗಟ್ಟಿ ನಿಜ, ಆದರೆ ಮೇಲಿನ ಪದರು ಬಿಟ್ಟಿರುವ ಕಡೆ ಸುತ್ತಿಗೆ ತಟ್ಟಿದರೆ ಡೊಳ್ಳಿನ ಹಾಗೆ ಟೊಳ್ಳು ಸದ್ದು ಕೇಳಿಸುತ್ತದೆ, ಅಲ್ಲಿ ಗೂಟ ನಿಲ್ಲುವುದಿಲ್ಲ. ಬೋರ್‌ವೆಲ್ ಮೋಟರ್ ಇಳಿಸುವ ವೈರ್ ರೋಪು, ವೆಲ್ಡಿಂಗ್ ಅಂಗಡಿಯ ಸರಳು ಹಾಕಿ ‘ಅಡ್ವೆಂಚರ್ ಕ್ಯಾಂಪ್’ ನಡೆಸುವವರ ಹತ್ತಿರವೂ ಸುಳಿಯಬೇಡಿ.

ಪ್ರಶ್ನೆ: ಗುಡುಗು ಶುರುವಾದರೆ?

ಉತ್ತರ: ಅವಕಾಳಿ ಮಳೆಗೆ ಬೇವಿನ ಮರದ ಕೆಳಗೆ ನಿಲ್ಲಬಾರದು ಅಂತ ಗೊತ್ತಿರುವ ಊರಿನವರು ನೂರಾರು ಮೀಟರ್ ಕಬ್ಬಿಣದ ಕೇಬಲ್ ಹಿಡಿದು ನಿಲ್ಲುತ್ತೀರಾ? ನಸುಕಿಗೆ ಹೊರಟು ಮಧ್ಯಾಹ್ನದೊಳಗೆ ಇಳಿಯಿರಿ.

ಪ್ರಶ್ನೆ: ಅಬ್ಸಾರ್ಬರ್‌ನ ಹೊಲಿಗೆ ನಾಕು ಬೆರಳು ಬಿಚ್ಚೇದ. ಬ್ಯಾಗ್ ಹೊಲಿಯೋರ ಕಡೆ ನೈಲಾನ್ ದಾರದಿಂದ ಹೊಲಿಸಿದರ?

ಉತ್ತರ: ಹರಿಯಬೇಕೆಂದೇ ಹಾಕಿದ ಹೊಲಿಗೆ ಅದು; ನೀವು ಗಟ್ಟಿ ಹೊಲಿಸಿದರೆ ಹರಿಯುವುದಿಲ್ಲ. ಕತ್ತರಿಯಿಂದ ಸೆಟ್‌ನ ಎರಡೂ ಪಟ್ಟಿ ಕತ್ತರಿಸಿ ಬಿಸಾಡಿ, ಮನೆಯಲ್ಲಿ ಇನ್ನೊಬ್ಬರು ಎತ್ತಿಕೊಂಡು ಹೋಗದ ಹಾಗೆ.